ನಾನೇ ‘ಸುರಕ್ಷಿತ’ ಎಂದು ಕೊಟ್ಟ ಮಾತ್ರೆ

ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನಿಂತು ಹನ್ನೊಂದು ವರ್ಷಗಳಾದವು. ಕೊಡಬಾರದ ಮಾತ್ರೆಯನ್ನು ಕೊಟ್ಟ ದಿನ ಈ ಅವಧಿಯಲ್ಲಿ ಒಂದೂ ಇಲ್ಲ. ಆದರೆ ಸರಿಯಾದ ಮಾತ್ರೆಯನ್ನೇ ಕೊಟ್ಟು, ಅದರ ಜೊತೆಗೆ ಆಡಬಾರದ ಒಂದು ಮಾತನ್ನು ಆಡಿದ್ದರಿಂದ ಒಬ್ಬರ ಯಕೃತ್ತಿಗೆ ಪೆಟ್ಟು ಬಿದ್ದಿತು. ತಿಂಗಳುಗಳು ಕಳೆದರೂ ಆ ಮಾತು ನನ್ನ ಕಿವಿಯಲ್ಲಿ ಹಾಗೆಯೇ ಇದೆ.

ಅವರಿಗೆ ಸುಮಾರು ಐವತ್ತೈದು ವರ್ಷ ಇರಬಹುದು, ತೆಳ್ಳನೆಯ ಮೈಕಟ್ಟು. ಕೆನ್ನೆಯನ್ನು ಅಂಗೈಯಲ್ಲಿ ಒತ್ತಿಹಿಡಿದುಕೊಂಡು ಬಂದು, “ಹಲ್ಲುನೋವು ತಡೆಯಲಾಗುತ್ತಿಲ್ಲ ಮೇಡಂ, ಐಬುಪ್ರೊಫೆನ್ ಕೊಡಿ” ಎಂದರು. ಬಿಪಿ ಇದೆಯೇ ಎಂದು ಕೇಳಿದೆ. ಎನಾಲಾಪ್ರಿಲ್ ಮತ್ತು ಮೂತ್ರ ಹೆಚ್ಚಿಸುವ ಒಂದು ಮಾತ್ರೆಯನ್ನು ದಿನವೂ ನುಂಗುತ್ತಿರುವುದಾಗಿ ಹೇಳಿದರು. ಐಬುಪ್ರೊಫೆನ್ ಕೊಡಲು ಸಾಧ್ಯವಿಲ್ಲವೆಂದು ಆ ಕ್ಷಣದಲ್ಲೇ ಹೇಳಿಬಿಟ್ಟೆ.

ಆ ನಿರ್ಧಾರ ತಪ್ಪಾಗಿರಲಿಲ್ಲ ಎಂದು ಇಂದಿಗೂ ಹೇಳುತ್ತೇನೆ. ನೋವು, ಊತ, ಜ್ವರಗಳನ್ನು ಹುಟ್ಟಿಸುವ ಪ್ರೊಸ್ಟಾಗ್ಲಾಂಡಿನ್‌ಗಳ ತಯಾರಿಯನ್ನೇ ಆಸ್ಪಿರಿನ್ ಜಾತಿಯ ಔಷಧಗಳು (ಐಬುಪ್ರೊಫೆನ್ ಕೂಡ ಅದೇ ಜಾತಿ) ತಡೆಯುತ್ತವೆ ಎಂಬುದನ್ನು ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು. ಈ ಸಾಲಿನ ಕೆಲಸಕ್ಕೆ 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಆದರೆ ಹಲ್ಲಿನ ಬುಡದಲ್ಲಿ ನೋವು ಹುಟ್ಟಿಸುವ ಅದೇ ಪ್ರೊಸ್ಟಾಗ್ಲಾಂಡಿನ್‌ಗಳೇ ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುತ್ತವೆ, ಮೂತ್ರಪಿಂಡದ ಸೋಸುವ ಭಾಗಗಳಿಗೆ ರಕ್ತ ಒಯ್ಯುವ ನಾಳಗಳನ್ನು ಅಗಲವಾಗಿ ಇರಿಸುತ್ತವೆ. ಐಬುಪ್ರೊಫೆನ್ ನುಂಗಿದರೆ ಒಳಬರುವ ಆ ನಾಳ ಕಿರಿದಾಗುತ್ತದೆ, ಎನಾಲಾಪ್ರಿಲ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ಮೂತ್ರದ ಮಾತ್ರೆ ಮೈಯ ನೀರಿನಂಶವನ್ನೇ ತಗ್ಗಿಸುತ್ತದೆ. ಈ ಮೂರೂ ಒಟ್ಟಾದಾಗ ಸೋಸುವುದಕ್ಕೆ ಬೇಕಾದ ಒತ್ತಡವೇ ಉಳಿಯದೆ, ಆರೋಗ್ಯವಾಗಿದ್ದ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೈಕೊಡಬಹುದು. ಇಷ್ಟನ್ನೂ ಅವರಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದೆ. ಹಿಂದೆ ಸಾಲು ಬೆಳೆಯುತ್ತಿತ್ತು, ಆದರೂ ಹೇಳಿದೆ, ಮತ್ತು ಹೇಳಿದ್ದಕ್ಕೆ ಮನಸ್ಸಿನಲ್ಲಿ ತೃಪ್ತಿಪಟ್ಟುಕೊಂಡೆ.

ಆಮೇಲೆ ಪ್ಯಾರಾಸಿಟಮಾಲ್ 650ರ ಹದಿನೈದು ಮಾತ್ರೆಗಳ ಒಂದು ಸ್ಟ್ರಿಪ್ಪನ್ನು ಕೌಂಟರಿನ ಮೇಲಿಟ್ಟು, “ಆರು ಗಂಟೆಗೊಂದು ತೆಗೆದುಕೊಳ್ಳಿ. ಇದು ಸುರಕ್ಷಿತ, ನಿಶ್ಚಿಂತೆಯಿಂದ ನುಂಗಿ” ಎಂದೆ. “ಬೇರೆ ಮಾತ್ರೆ ಏನಾದರೂ ಇದೆಯೇ?” ಎಂದು ಕೇಳಲೂ ಮರೆಯಲಿಲ್ಲ. “ಬಿಪಿಯದು ಬಿಟ್ಟರೆ ಇಲ್ಲ” ಎಂದರು. ಆ ದಿನದ ಮಟ್ಟಿಗೆ ಅದು ನಿಜವೇ ಆಗಿತ್ತು.

ನಾಲ್ಕನೆಯ ಬೆಳಿಗ್ಗೆ ಅವರು ಮತ್ತೆ ಬಂದರು. ಕೆನ್ನೆಯ ಮೇಲೆ ಕೈ ಇರಲಿಲ್ಲ. ನೋವು ಕಡಿಮೆಯಾಗಿದೆ, ಆದರೆ ವಾಕರಿಕೆ, ಅದಕ್ಕೇನಾದರೂ ಕೊಡಿ ಎಂದರು. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದ್ದರಿಂದ ಆದ ಆಸಿಡಿಟಿ ಇರಬೇಕೆಂದುಕೊಂಡೆ. ಪ್ಯಾಂಟೊಪ್ರಜೋಲ್ ಇರುವ ಡ್ರಾಯರನ್ನು ಅರ್ಧ ಎಳೆದೂ ಆಗಿತ್ತು. ಅಷ್ಟರಲ್ಲಿ ಅವರು ಹಣ ತೆಗೆಯಲೆಂದು ಜೇಬಿಗೆ ಕೈ ಹಾಕಿದಾಗ ಎರಡು ಸ್ಟ್ರಿಪ್‌ಗಳು ಮೇಜಿನ ಮೇಲೆ ಬಿದ್ದವು. ಒಂದರಲ್ಲಿ ಏನೂ ಉಳಿದಿರಲಿಲ್ಲ, ಹಿಂಬದಿಯ ಹಾಳೆ ಹದಿನೈದು ಕಡೆ ಹರಿದಿತ್ತು. ಇನ್ನೊಂದರಲ್ಲಿ ಆರು ಮಾತ್ರೆಗಳಷ್ಟೇ ಇದ್ದವು. ಮೂರು ದಿನದಲ್ಲಿ ಇಪ್ಪತ್ತನಾಲ್ಕು.

“ಒಂದರಲ್ಲಿ ನೋವು ಹೋಗಲಿಲ್ಲ ಮೇಡಂ, ಎರಡೆರಡು ನುಂಗಿದೆ. ನೀವೇ ಸುರಕ್ಷಿತ ಅಂದಿದ್ದಿರಲ್ಲ.” ಅವರ ಧ್ವನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ನಂಬಿಕೆಯಿತ್ತು. ನನಗೆ ನಾಟಿದ್ದು ಆ ನಂಬಿಕೆಯೇ.

ಎರಡನೆಯ ಸ್ಟ್ರಿಪ್ ಎಲ್ಲಿಯದು ಎಂದು ಕೇಳಿದೆ. ನನ್ನ ವಾರದ ರಜೆಯ ದಿನ, ಇದೇ ಕೌಂಟರಿನಲ್ಲಿ, ನನ್ನ ಸಹೋದ್ಯೋಗಿಯಿಂದ ಕೊಂಡದ್ದು. ಜೊತೆಗೆ ಮೂಗು ಕಟ್ಟಿದ್ದಕ್ಕೆ ನೆಗಡಿಯ ಮಾತ್ರೆಯನ್ನೂ ಕೊಂಡು, ದಿನಕ್ಕೆ ನಾಲ್ಕರಂತೆ ಎರಡು ದಿನ ನುಂಗಿದ್ದರು. ಆ ನೆಗಡಿ ಮಾತ್ರೆಯ ಒಂದೊಂದರಲ್ಲೂ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ. ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ: 650ರಂತೆ ಎಂಟು, 5,200; 500ರಂತೆ ನಾಲ್ಕು, 2,000; ಒಟ್ಟು 7,200. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ 4,000 ಮಿಲಿಗ್ರಾಂ ಮೀರಬಾರದು. ತೂಕ ಕಡಿಮೆಯಿದ್ದವರಿಗೆ, ಮದ್ಯಪಾನದ ಅಭ್ಯಾಸವಿದ್ದವರಿಗೆ ಆ ಮಿತಿ ಇನ್ನೂ ಕೆಳಗಿರಬೇಕು.

ಇಲ್ಲಿಂದ ಮುಂದಿನ ಹತ್ತು ನಿಮಿಷಗಳನ್ನು ನಾನು ಒಪ್ಪಿಕೊಂಡು ಬರೆಯಬೇಕು. ಅವರು ನೆಟ್ಟಗೆ ನಿಂತಿದ್ದರು, ಕಣ್ಣು ಹಳದಿಯಾಗಿರಲಿಲ್ಲ, ಮಾತು ಸ್ಪಷ್ಟವಾಗಿತ್ತು. ಮಾತ್ರೆ ನಿಲ್ಲಿಸಿ, ನೀರು ಚೆನ್ನಾಗಿ ಕುಡಿಯಿರಿ, ನಾಳೆ ಬಂದು ಹೇಳಿ ಎಂದು ಕಳಿಸಿಬಿಡಲು ನನ್ನ ಮನಸ್ಸು ಹವಣಿಸುತ್ತಿತ್ತು. ಓದಿ ತಿಳಿದಿದ್ದೆಲ್ಲ ಅದಕ್ಕೆ ವಿರುದ್ಧವಾಗಿತ್ತು. ಈ ವಿಷದ ಕ್ರೂರತೆಯೇ ಅದು: ಮೊದಲ ಒಂದು ದಿನ ಏನೂ ಕಾಣದೇ ಇರಬಹುದು, ಕಂಡರೂ ಬರೀ ವಾಕರಿಕೆ, ಯಕೃತ್ತಿನ ಹಾನಿ ತುತ್ತತುದಿಗೆ ಮುಟ್ಟುವುದು ಮೂರನೆಯ, ನಾಲ್ಕನೆಯ ದಿನ. ನುಂಗಿದ ಪ್ಯಾರಾಸಿಟಮಾಲ್‌ನ ಬಹುಪಾಲು ತೊಂದರೆ ಕೊಡದೆ ಮೂತ್ರದಲ್ಲಿ ಹೋಗುತ್ತದೆ. ಸಣ್ಣದೊಂದು ಪಾಲು ಮಾತ್ರ ಯಕೃತ್ತಿನಲ್ಲಿ ನಂಜಾಗಿ ಮಾರ್ಪಡುತ್ತದೆ, ಅದನ್ನು ಗ್ಲುಟಾಥಯೋನ್ ಎಂಬ ವಸ್ತು ಅಲ್ಲಿಯೇ ಹಿಡಿದು ಅಡಗಿಸುತ್ತದೆ. ಪ್ರಮಾಣ ಮೀರುತ್ತ ಹೋದರೆ ಗ್ಲುಟಾಥಯೋನ್ ಬರಿದಾಗಿ, ನಂಜು ಯಕೃತ್ತಿನ ಕೋಶಗಳನ್ನೇ ಹಿಡಿಯುತ್ತದೆ. ಉಪವಾಸವಿದ್ದವರಲ್ಲಿ ಆ ದಾಸ್ತಾನು ಮೊದಲೇ ಕಡಿಮೆ. ಇವರು ಹಲ್ಲುನೋವಿನಿಂದಾಗಿ ಮೂರು ದಿನ ಸರಿಯಾಗಿ ಏನನ್ನೂ ಅಗಿದಿರಲಿಲ್ಲ.

ರಕ್ತದಲ್ಲಿನ ಮಟ್ಟವನ್ನು ನೋಡಿ ಚಿಕಿತ್ಸೆ ನಿರ್ಧರಿಸುವ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತೆರೆದೆ. ತೆರೆದ ಮೇಲೆ ಹೊಳೆಯಿತು: ಅದು ಒಮ್ಮೆಗೇ ನುಂಗಿದವರಿಗೆ, ನುಂಗಿದ ಹೊತ್ತು ಗೊತ್ತಿದ್ದವರಿಗೆ ಮಾತ್ರ ಹೊಂದುತ್ತದೆ, ದಿನಗಟ್ಟಲೆ ಹಂತಹಂತವಾಗಿ ನುಂಗಿದವರಿಗೆ ಅಲ್ಲ. ಹಾಗೆ ಕಳೆದ ನಿಮಿಷಗಳು ಅವರ ನಿಮಿಷಗಳಾಗಿದ್ದವು. ಆಗ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ತೂಕ, ಕೊನೆಯ ಮಾತ್ರೆಯ ಹೊತ್ತು, ಊಟ, ಕುಡಿತ. ಉತ್ತರ ಮುಗಿಯುವ ಮೊದಲೇ “ಈಗಲೇ ಕಳಿಸಿ, ಸ್ಟ್ರಿಪ್‌ಗಳೂ ಜೊತೆಗೆ ಬರಲಿ” ಎಂದರು. ಬರೀ ಜ್ವರದ ಮಾತ್ರೆಗೆ ಯಾಕೆ ದಾಖಲಾಗಬೇಕು ಎಂದು ಇವರು ಒಪ್ಪಲಿಲ್ಲ. ಕೌಂಟರಿಗೆ ಬೀಗ ಹಾಕಿ ನಾನೇ ಜೊತೆಯಲ್ಲಿ ನಡೆದುಹೋದೆ.

ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಎಎಲ್‌ಟಿ ಎಂಬ ಕಿಣ್ವ ಏರಿತ್ತು. ಅಸಿಟೈಲ್‌ಸಿಸ್ಟೀನ್ ಡ್ರಿಪ್ ಹಾಕಿದರು. ಗ್ಲುಟಾಥಯೋನ್ ದಾಸ್ತಾನನ್ನು ಮತ್ತೆ ತುಂಬಿಸುವ ಔಷಧ ಅದು. ಒಮ್ಮೆಗೇ ಹೆಚ್ಚು ನುಂಗಿದವರಿಗೆ ಎಂಟು ಗಂಟೆಗಳೊಳಗೆ ಕೊಟ್ಟರೆ ಅತ್ಯುತ್ತಮ ಫಲವಿರುತ್ತದೆ, ಇವರ ವಿಷಯದಲ್ಲಿ ಅಂಥ ಗಡಿಯಾರವೇ ಇರಲಿಲ್ಲ. ಅದೃಷ್ಟಕ್ಕೆ ಕೆಲವು ದಿನಗಳಲ್ಲಿ ರಕ್ತಪರೀಕ್ಷೆ ಸರಿಹೋಗುತ್ತ ಬಂದು ಮನೆಗೆ ಹೋದರು.

ಸಹೋದ್ಯೋಗಿಯನ್ನು ದೂರಲು ನನಗೆ ಮನಸ್ಸಿಲ್ಲ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಚೀಟಿಯಿಲ್ಲದ ಮಾರಾಟವೆಲ್ಲ ಬ್ರಾಂಡ್ ಹೆಸರಿನಲ್ಲಿ ಕೂರುತ್ತದೆ. ಒಂದೇ ಸಾಲ್ಟ್, ಅಂದರೆ ಮಾತ್ರೆಯೊಳಗಿನ ಮೂಲ ಔಷಧ, ಒಂದೇ ಬಿಲ್ಲಿನಲ್ಲಿ ಎರಡು ಸಲ ಬಂದರೂ ಎಚ್ಚರಿಕೆ ಮೂಡುವುದಿಲ್ಲ. ಸ್ಟಾಕ್ ಕಡಿಮೆಯಾದರೆ ಮಾತ್ರ ಕೆಂಪು ಗೆರೆ ತಪ್ಪದೆ ಬರುತ್ತದೆ. ಇದನ್ನು ಬದಲಿಸಿ ಎಂದು ಮೂರು ಬಾರಿ ಬರೆದು ಕೊಟ್ಟಿದ್ದೇವೆ.

ಈಗ ನಾನು ಬೇರೆ ಮಾತ್ರೆ ಇದೆಯೇ ಎಂದು ಕೇಳುವುದಿಲ್ಲ. ನೆಗಡಿಗೆ ಏನು ತೆಗೆದುಕೊಂಡಿರಿ, ಜ್ವರಕ್ಕೆ ಏನು, ಮೈಕೈ ನೋವಿಗೆ ಏನು, ಹೃದಯಕ್ಕೆ ದಿನವೂ ಸಣ್ಣ ಆಸ್ಪಿರಿನ್ ಇದೆಯೇ ಎಂದು ಒಂದೊಂದಾಗಿ ಕೇಳುತ್ತೇನೆ. ಆ ಸಣ್ಣ ಆಸ್ಪಿರಿನ್ನನ್ನು ಔಷಧವೆಂದೇ ಎಣಿಸದವರು ಬಹಳ. ಐಬುಪ್ರೊಫೆನ್ ಮೊದಲು ಹೋಗಿ ಕುಳಿತರೆ ಆಸ್ಪಿರಿನ್‌ಗೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಲ್ಲಿ ಜಾಗ ಸಿಗದೆ, ಹೃದಯಕ್ಕಿದ್ದ ಕಾವಲು ತಪ್ಪಬಹುದು. ಪ್ಯಾರಾಸಿಟಮಾಲ್ ಕೊಡುವಾಗ ದಿನಕ್ಕೆ ಎಷ್ಟು ಮಾತ್ರೆಗೆ ನಿಲ್ಲಬೇಕು ಎಂಬ ಅಂಕಿಯನ್ನು ಸ್ಟ್ರಿಪ್ಪಿನ ಮೇಲೆ ದಪ್ಪವಾಗಿ ಬರೆಯುತ್ತೇನೆ. ನೋವು ನಿಲ್ಲದಿದ್ದರೆ ಹೆಚ್ಚಿಸಬೇಡಿ, ಹಲ್ಲಿನ ವೈದ್ಯರ ಬಳಿ ಹೋಗಿ ಎನ್ನುತ್ತೇನೆ. ಅಂದು ನಾನು ಹೇಳಬೇಕಿದ್ದುದು ಇಷ್ಟೇ ಇತ್ತು.

ಘಟನೆಯ ವರದಿಗೆ ಆಡಳಿತದವರದೊಂದು ನಮೂನೆಯಿದೆ. ಕಾರಣದ ಅಂಕಣದಲ್ಲಿ ತಪ್ಪು ಔಷಧ, ತಪ್ಪು ಪ್ರಮಾಣ, ಅವಧಿ ಮೀರಿದ್ದು, ಬಿಲ್ಲಿನ ದೋಷ ಎಂಬ ನಾಲ್ಕು ಆಯ್ಕೆಗಳಿವೆ. ನಾನು ಯಾವುದನ್ನೂ ಗುರುತಿಸದೆ, ಕೆಳಗೆ “ಮಿತಿಯನ್ನು ಹೇಳದೆ ಸುರಕ್ಷಿತ ಎಂದು ಹೇಳಿದ್ದು” ಎಂದು ಬರೆದೆ. ನಾಲ್ಕರಲ್ಲಿ ಒಂದನ್ನು ಆರಿಸಿ ಎಂಬ ಟಿಪ್ಪಣಿಯೊಂದಿಗೆ ಅದು ಹಿಂದಿರುಗಿ ಬಂದಿತು. ಒಂದಕ್ಷರವನ್ನೂ ತಿದ್ದದೆ ಮತ್ತೆ ಕಳಿಸಿದ್ದೇನೆ.