ತಲಕಾಡಿನ ಪಂಚಲಿಂಗ ದರ್ಶನ: ಮತ್ತೆ ಮತ್ತೆ ವೈದ್ಯನಾಥನಲ್ಲಿಗೆ

ಕಾರ್ತಿಕ ಸೋಮವಾರ ಬಂತೆಂದರೆ ತಲಕಾಡಿನ ದಾರಿಯುದ್ದಕ್ಕೂ ಕಾರುಗಳ ಸಾಲು. ಬೆಳಿಗ್ಗೆ ಬಂದವರು ಮಧ್ಯಾಹ್ನದೊಳಗೆ ಐದೂ ಗುಡಿ ಸುತ್ತಿ, ಹೊಳೆಯಲ್ಲಿ ಆಟಕ್ಕೆ ಇಳಿದಿರುತ್ತಾರೆ. ಗುಡಿಗಳನ್ನು ನೋಡಿದ್ದಾಯಿತು, ನಿಜ. ಪಂಚಲಿಂಗ ದರ್ಶನ ಆಗಲಿಲ್ಲ. ಈ ಕ್ಷೇತ್ರದಲ್ಲಿ ಐದು ಲಿಂಗಗಳಲ್ಲಿ ಮೊದಲನೆಯವನಾದ ವೈದ್ಯನಾಥೇಶ್ವರನಿಗೆ ಒಮ್ಮೆ ಕೈಮುಗಿದು ಮುಂದೆ ಹೋಗುವ ಪದ್ಧತಿಯೇ ಇಲ್ಲ. ಒಂದೊಂದು ಲಿಂಗದ ದರ್ಶನವಾದ ಮೇಲೂ ಅವನಲ್ಲಿಗೆ ಮರಳಬೇಕು. ಈಚೆಗೆ ಬಿಟ್ಟುಹೋಗುತ್ತಿರುವುದು ಈ ಮರಳುವಿಕೆಯೇ.

ಹಿಂದಿನಿಂದ ಬಂದ ಕ್ರಮ ಹೀಗಿದೆ. ಮೊದಲು ಗೋಕರ್ಣ ತೀರ್ಥದಲ್ಲಿ ಸ್ನಾನ, ಗೋಕರ್ಣೇಶ್ವರ ಮತ್ತು ಚಂಡಿಕಾದೇವಿಗೆ ಪೂಜೆ. ಗಣಪತಿಯ ಅಪ್ಪಣೆ ಪಡೆದು ವೈದ್ಯನಾಥನ ದರ್ಶನ. ಆಮೇಲೆ ಕಾವೇರಿಯ ಉತ್ತರ ಭಾಗದಲ್ಲಿ ಮಿಂದು ಅರ್ಕೇಶ್ವರ, ಪೂರ್ವದಲ್ಲಿ ಮಿಂದು ಪಾತಾಳೇಶ್ವರ, ದಕ್ಷಿಣದಲ್ಲಿ ಮಿಂದು ಮರಳೇಶ್ವರ, ಪಶ್ಚಿಮದಲ್ಲಿ ಮಿಂದು ಮುಡುಕುತೊರೆಯ ಮಲ್ಲಿಕಾರ್ಜುನ. ಪ್ರತಿಯೊಂದರ ನಂತರವೂ ಮತ್ತೆ ವೈದ್ಯನಾಥ. ಕೊನೆಗೆ ಕೀರ್ತಿನಾರಾಯಣ. ಇಷ್ಟೂ ಒಂದೇ ದಿನದಲ್ಲಿ ಮುಗಿಯಬೇಕು.

ಲೆಕ್ಕ ಹಾಕಿದರೆ ವೈದ್ಯನಾಥನ ದರ್ಶನ ಐದು ಸಲ, ಉಳಿದ ನಾಲ್ಕು ಲಿಂಗ, ಗೋಕರ್ಣೇಶ್ವರ: ಶಿವಸನ್ನಿಧಿಯೇ ಹತ್ತು. ಸಲಕ್ಕೊಂದರಂತೆ ಹತ್ತು ಬಿಲ್ವದಳವನ್ನಾದರೂ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳಿ, ಕೀರ್ತಿನಾರಾಯಣನಿಗೆ ತುಳಸಿ ಬೇರೆ. ತಂದ ಹೂವು, ಪತ್ರೆಯನ್ನೆಲ್ಲ ಮೊದಲ ಗುಡಿಯಲ್ಲೇ ಒಪ್ಪಿಸಿ ಮುಂದೆ ಬರಿಗೈಯಲ್ಲಿ ನಿಲ್ಲುವವರೇ ಹೆಚ್ಚು. ಹಾಲನ್ನು ದಿನವಿಡೀ ಹೊತ್ತು ತಿರುಗಬೇಡಿ. ಬಿಸಿಲಿಗೆ ಒಡೆಯುತ್ತದೆ, ಒಡೆದ ಹಾಲು ಅಭಿಷೇಕಕ್ಕೆ ಸಲ್ಲದು.

ಮರಳುವುದು ಯಾಕೆ? ಇಲ್ಲಿನ ಸ್ಥಳಪುರಾಣ ಕೇಳಿ. ತಲ, ಕಾಡ ಎಂಬ ಬೇಡರು ಆನೆಗಳು ಪೂಜಿಸುತ್ತಿದ್ದ ಬೂರುಗದ ಮರಕ್ಕೆ ಕೊಡಲಿ ಹಾಕಿದರು, ರಕ್ತ ಚಿಮ್ಮಿತು. ಆ ಮರದ ಎಲೆ, ಕಾಯಿಯನ್ನೇ ಗಾಯಕ್ಕೆ ಕಟ್ಟಿ ಎಂಬ ಮಾತು ಕೇಳಿಸಿತು. ಶಿವ ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ, ಕಡಿದ ಕೈಗಳಿಂದಲೇ ಆ ಮದ್ದು ಕಟ್ಟಿಸಿಕೊಂಡ! ಕಡಿದವರನ್ನೂ ಹತ್ತಿರ ಕರೆದ ಇಂಥ ವೈದ್ಯನಲ್ಲಿಗೆ ಒಂದೇ ಸಲ ಹೋಗಿ ಸಾಕೆನ್ನುವುದು ಹೇಗೆ?

ಇನ್ನು ಮರಳು. ತಲಕಾಡಿಗೆ ಹೋಗಿಬಂದವರ ಅಂಗಾಲು ಅದನ್ನು ಮರೆಯುವುದಿಲ್ಲ. ಬೆಳಗಿನ ಜಾವ ತಣ್ಣಗೆ, ಮೆತ್ತಗೆ ಇರುತ್ತದೆ. ಹೆಜ್ಜೆಯಿಟ್ಟರೆ ಹಿಮ್ಮಡಿ ಹೂತು, ಬೆರಳುಗಳ ಸಂದಿನಿಂದ ಸಣ್ಣಗೆ ಜಾರುತ್ತದೆ. ಹೊಳೆಯಿಂದ ಮಿಂದು ಬಂದ ಒದ್ದೆ ಕಾಲಿಗೆ ಮೊಣಕಾಲವರೆಗೂ ಅಂಟಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಅದೇ ಮರಳಲ್ಲಿ ಕಾಲೂರಲಾಗದು. ಆದ್ದರಿಂದ ಸೂರ್ಯೋದಯಕ್ಕೇ ಹೊರಡಿ. ತಲಕಾಡು ಮರಳಾಗಲಿ ಎಂಬ ಅಲಮೇಲಮ್ಮನ ಶಾಪವೆನ್ನಿ, ಮುಡುಕುತೊರೆಯ ತಿರುವಿನಲ್ಲಿ ಹೊಳೆ ಬಿಟ್ಟುಹೋದ ಮರಳನ್ನು ನೈಋತ್ಯದ ಗಾಳಿ ಹೊತ್ತು ತಂದಿತೆನ್ನಿ; ಗಂಗರ ರಾಜಧಾನಿ ಈ ಮರಳಿನ ಕೆಳಗಿದೆ. ಪಾತಾಳೇಶ್ವರ, ಮರಳೇಶ್ವರರ ಗುಡಿಗಳಿಗೆ ದಿಬ್ಬದಿಂದ ಕೆಳಗೆ ಇಳಿದೇ ಹೋಗಬೇಕು. ಚೋಳರಿಂದ ತಲಕಾಡನ್ನು ಗೆದ್ದು ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣನ ಗುಡಿಯನ್ನೂ ಮರಳು ಬಿಡಲಿಲ್ಲ. ಮೇಲೆ ನಿಂತರೆ ಬರೀ ಮರಗಳು, ದಿಬ್ಬಗಳು. ನಾಲ್ಕು ಮೆಟ್ಟಿಲು ಇಳಿದರೆ ಗಾಳಿ ನಿಂತು, ಕಲ್ಲಿನ ತಂಪು ಮುಖಕ್ಕೆ ತಾಗುತ್ತದೆ. ಅಲ್ಲಿ ದೀಪದ ಮುಂದೆ ಎರಡು ನಿಮಿಷ ಸುಮ್ಮನೆ ನಿಲ್ಲಿ. ಫೋನು ಹಿಡಿದು ನಿಲ್ಲುವ ಜಾಗವಲ್ಲ ಅದು.

ಹೊಳೆಯ ವಿಷಯದಲ್ಲಿ ಎಚ್ಚರ ಬೇಕು. ತಿರುಮಕೂಡಲಿನಲ್ಲಿ ಕಪಿಲೆ ಕೂಡಿಕೊಂಡ ನಂತರದ ಕಾವೇರಿ ಇದು. ದಂಡೆ ಆಳವಿಲ್ಲದಂತೆ ಕಂಡರೂ ಮರಳು ಕೊಚ್ಚಿಹೋದ ಕಡೆ ತಟ್ಟನೆ ಗುಂಡಿ ಸಿಗುತ್ತದೆ, ಕಾಲ ಕೆಳಗಿನ ಮರಳು ಕುಸಿಯುತ್ತದೆ. ಮೊಣಕಾಲುದ್ದ ನೀರಲ್ಲಿ ಕೂತು ಚೊಂಬಿನಿಂದ ಮಿಂದರೆ ಸಾಕು, ಸ್ನಾನದ ಫಲವೇನೂ ಕಡಿಮೆಯಾಗದು. ಸೋಪು, ಶಾಂಪೂ ಪೊಟ್ಟಣ, ಉಟ್ಟ ಬಟ್ಟೆಯನ್ನು ಹೊಳೆಗೆ ಬಿಡುವುದು ಯಾವ ವ್ರತದಲ್ಲೂ ಇಲ್ಲ.

ಪಂಚಲಿಂಗ ದರ್ಶನದ ಮಹಾಪರ್ವ 12 ವರ್ಷಕ್ಕೊಮ್ಮೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗಿಲ್ಲ. ಕಾರ್ತಿಕದ ಅಮಾವಾಸ್ಯೆ ಸೋಮವಾರ ಬಿದ್ದು, ಸೂರ್ಯ ಚಂದ್ರರಿಬ್ಬರೂ ವೃಶ್ಚಿಕದಲ್ಲಿ ಕೂಡಬೇಕು. 2006, 2009, 2013, 2020ರಲ್ಲಿ ಆ ಯೋಗ ಬಂತು. ಅಂತರ ಮೂರು, ನಾಲ್ಕು, ಏಳು ವರ್ಷ. ಅಂದು ಜನಸಾಗರದಲ್ಲಿ ಪ್ರತಿ ಸಲವೂ ವೈದ್ಯನಾಥನ ಗರ್ಭಗುಡಿ ಮುಟ್ಟುವುದು ಆಗದ ಮಾತು. ಮಹಾದ್ವಾರದ ಹೊರಗೆ ನಿಂತಾದರೂ ಕೈಮುಗಿದು ಮುಂದೆ ಹೋಗಿ, ತಿರುಗಿ ಬರುವುದನ್ನು ಮಾತ್ರ ಬಿಡಬೇಡಿ.

ಅಂಥ ಯೋಗಕ್ಕೇ ಕಾಯಬೇಕೆಂದೇನಿಲ್ಲ, ಕಾರ್ತಿಕದ ಯಾವ ಸೋಮವಾರವೂ ಆದೀತು. ಒಂದೇ ದಿನದಲ್ಲಿ ಮುಗಿಸಲಾಗದ ವಯಸ್ಸಾದವರಿದ್ದರೆ ಊರಿನ ಬಳಿಯೇ ಇರುವ ವೈದ್ಯನಾಥ, ಪಾತಾಳೇಶ್ವರ, ಮರಳೇಶ್ವರ, ಕೀರ್ತಿನಾರಾಯಣರ ದರ್ಶನವನ್ನು ಒಂದು ಸೋಮವಾರ ಮಾಡಿಸಿ. ಹತ್ತಿರದ ವಿಜಯಾಪುರ ಹಳ್ಳಿಯ ಅರ್ಕೇಶ್ವರನಿಗೂ ಮುಡುಕುತೊರೆ ಬೆಟ್ಟಕ್ಕೂ ಗಾಡಿ ಬೇಕು. ಅವೆರಡನ್ನು ಮುಂದಿನ ಸೋಮವಾರಕ್ಕೆ ಇಟ್ಟುಕೊಳ್ಳಿ, ಆ ದಿನವೂ ವೈದ್ಯನಾಥನಿಂದಲೇ ಹೊರಟು ಅಲ್ಲಿಗೇ ಬನ್ನಿ.