ಹುತ್ತರಿಯ ಗುಂಡು ಹಾರುವ ಮುಂಚೆ

ಹೋದ ವಾರ ತಮ್ಮ ವಿಡಿಯೊ ಕಾಲ್ ಮಾಡಿ ಫೋನನ್ನು ಕೆಳಕ್ಕೆ ತಿರುಗಿಸಿದ. ಕಾಫಿ ಕಣದ ಮೂಲೆಯಲ್ಲಿ ಒಂದು ಕರಿ ಮುದ್ದೆ ಅವನ ಗಂಬೂಟು ಕಚ್ಚಿ ಎಳೆಯುತ್ತಿತ್ತು. ರಾಟ್‌ವೀಲರ್ ಗಂಡುಮರಿ, 9 ವಾರದ್ದು. "ಅಕ್ಕ, ಒಂದು ನಿಮಿಷ ಸುಮ್ನಿರಲ್ಲ. ಚೈನ್ ತರಿಸಿದ್ದೀನಿ" ಅಂದ. ಆಗಿನಿಂದ ನನಗೆ ಸಮಾಧಾನವಿಲ್ಲ. ಫೋನಿನಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊಡಗಿನ ಸೋಮವಾರಪೇಟೆ, ಶನಿವಾರಸಂತೆ ಕಡೆ ತೋಟದ ಕಾವಲಿಗೆಂದು ದೊಡ್ಡ ಜಾತಿಯ ಮರಿ ತಂದವರು ಅವನೊಬ್ಬನೇ ಅಲ್ಲವಲ್ಲ.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಈ ನಾಯಿಗೆ ಹೆಸರು ಬಂದ ರಾಟ್‌ವೈಲ್ ಊರು ಇದೇ ರಾಜ್ಯದಲ್ಲಿದೆ. ಅಲ್ಲಿನ ಕಟುಕರು ದನ ಅಟ್ಟಲು, ಗಾಡಿ ಎಳೆಸಲು ಇದನ್ನು ಸಾಕುತ್ತಿದ್ದರು. ದನ, ಜನ, ಸಂತೆಯ ಗದ್ದಲ ಇವುಗಳ ನಡುವೆಯೇ ದುಡಿದ ಜಾತಿ. ಅದನ್ನು ಮೂಲೆಯಲ್ಲಿ ಕಟ್ಟಿಹಾಕಿದರೆ ಅದರ ಮೈಯಲ್ಲಿರುವ ಕಸುವೆಲ್ಲ ಎಲ್ಲಿಗೆ ಹೋಗಬೇಕು?

ನಮ್ಮ ಮನೆಯಲ್ಲೂ ಅದೇ ಜಾತಿಯದೊಂದಿದೆ, ಹೆಸರು ಕರಿಯ. ಎರಡು ವರ್ಷ ತುಂಬಿದೆ, ತೂಕ 48 ಕೆ.ಜಿ. ಇಲ್ಲಿನವರ ಬಾಯಲ್ಲಿ ಅವನು 'ಕಾರಿಯಾ'. ಈಗ ರೈಲಿನಲ್ಲಿ ನನ್ನ ಕಾಲ ಬುಡದಲ್ಲಿ ಮಲಗಿ ನಿದ್ದೆ ಹೋಗುತ್ತಾನೆ. ಮರಿಯಾಗಿದ್ದಾಗ ಹೀಗಿರಲಿಲ್ಲ. ಐದು ತಿಂಗಳಲ್ಲಿ ಪಕ್ಕದ ಮನೆಯ ಅಜ್ಜಿಯ ಮೇಲೆ ಪ್ರೀತಿಯಿಂದಲೇ ಹಾರಿದ. ಅವರು ಗೋಡೆ ಹಿಡಿದುಕೊಂಡದ್ದರಿಂದ ಬೀಳಲಿಲ್ಲ. ಅವತ್ತು ನನಗೆ ಕೈಕಾಲು ನಡುಗಿತು.

ಆಮೇಲೆ ನಾಯಿಶಾಲೆಗೆ ಹೋದೆವು. ಇಲ್ಲಿ ಅದು ಮಕ್ಕಳ ಶಾಲೆಯಷ್ಟೇ ಸಹಜ. 'ಕೂತ್ಕೋ', 'ಬಾ' ಎಲ್ಲ ಕಲಿಸುತ್ತಾರೆ ಅಂದುಕೊಂಡಿದ್ದೆ. ಮೊದಲ ದಿನ ಪಾಠ ಹೇಳುವ ಹೆಂಗಸು ನಮ್ಮನ್ನು ಬಸ್ ನಿಲ್ದಾಣದ ಎದುರಿನ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಕೂರಿಸಿದರು, ಅಷ್ಟೇ. ಬಸ್ಸು ಬಂತು, ಸೈಕಲ್ ಹೋಯಿತು, ಮಕ್ಕಳು ಓಡಿದರು. ಕರಿಯ ಎಳೆದ, ಬೊಗಳಿದ, ಕುಣಿದ. ಕೊನೆಗೆ ಒಂದು ಸಲ ನಿಟ್ಟುಸಿರು ಬಿಟ್ಟು ಮಲಗಿದ. ಆ ಕ್ಷಣಕ್ಕೆ ಬೇಯಿಸಿದ ಕೋಳಿಯ ಒಂದು ಚೂರು ಕೊಡಿಸಿದರು. "ಇವತ್ತು ಇವನು ಏನೂ ಮಾಡದೆ ಇರುವುದನ್ನು ಕಲಿತ. ಅದೇ ದೊಡ್ಡ ಪಾಠ" ಅಂದರು. ದೊಡ್ಡ ನಾಯಿ ಸಾಕುವ ವಿಚಾರದಲ್ಲಿ ನಾನು ಕೇಳಿದ ಅತ್ಯಂತ ಸತ್ಯವಾದ ಮಾತು ಅದು.

ಹಾರುವುದನ್ನು ಬಿಡಿಸಲು ಗದರಬೇಕಾಗಲಿಲ್ಲ. ಹಾರಿದಾಗ ಬೆನ್ನು ತಿರುಗಿಸಿ ನಿಲ್ಲುವುದು, ನಾಲ್ಕೂ ಕಾಲು ನೆಲಕ್ಕೆ ಬಂದ ಕೂಡಲೇ ಮಾತಾಡಿಸುವುದು. ಆದರೆ ಮನೆಯವರೆಲ್ಲ ಹಾಗೇ ಮಾಡಬೇಕು. ಒಬ್ಬರು ಮುದ್ದು ಮಾಡಿ ಮೈಮೇಲೆ ಹತ್ತಿಸಿಕೊಂಡರೆ ಉಳಿದವರ ಒಂದು ತಿಂಗಳ ಶ್ರಮ ನೀರುಪಾಲು. ಹಗ್ಗ ಎಳೆದರೆ ನಾನು ನಿಂತುಬಿಡುತ್ತಿದ್ದೆ, ಸಡಿಲವಾದರೆ ನಡೆಯುತ್ತಿದ್ದೆ. ಮನೆಯಿಂದ ಬೀದಿಯ ಕೊನೆ ಮುಟ್ಟಲು ಅರ್ಧ ಗಂಟೆ ಹಿಡಿದ ದಿನಗಳಿವೆ. ಇನ್ನು ಸಂಜೆಯ ಹೊತ್ತು ಹುಚ್ಚು ಹಿಡಿದಂತೆ ಓಡಿ ಕಚ್ಚುತ್ತಿದ್ದುದು ಬಹುಪಾಲು ನಿದ್ದೆ ಸಾಲದೆ. ಮರಿಗಳಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಸುಸ್ತಾಗಲಿ ಎಂದು ಓಡಿಸಿದಷ್ಟೂ ಅದು ಕೆರಳುತ್ತದೆ. ಅಲ್ಲದೆ ದೊಡ್ಡ ಜಾತಿಗಳ ಮೂಳೆ ಬಲಿಯಲು ಒಂದು, ಒಂದೂವರೆ ವರ್ಷ ಬೇಕು. ಜೀಪಿನ ಹಿಂದೆ ಓಡಿಸುವುದು, ಜಗಲಿಯಿಂದ ನೆಗೆಸುವುದು ಬೇಡವೇ ಬೇಡ. ದೊಡ್ಡ ಜಾತಿಯ ಮರಿಗಳಿಗೆಂದೇ ಮಾಡಿದ ಆಹಾರ ಹಾಕುತ್ತಿದ್ದರೆ ಅದರ ಮೇಲೆ ಕ್ಯಾಲ್ಸಿಯಂ ಪುಡಿ ಸುರಿಯಬೇಡಿ, ಅದು ಮೂಳೆಗೇ ಕೆಡುಕು.

ನನ್ನ ಸಂಕಟದ ಬೇರು ಬೇರೆಯೇ ಇದೆ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಟೈಗರ್ ಇದ್ದ. ಹಗಲೆಲ್ಲ ಕೊಟ್ಟಿಗೆಯ ಕಂಬಕ್ಕೆ ಚೈನು, ರಾತ್ರಿ ಬಿಡುವುದು. ಊರಲ್ಲಿ ಎಲ್ಲರೂ ಹಾಗೇ ಸಾಕುತ್ತಿದ್ದರು. ನಮ್ಮ ಮನೆಯವರನ್ನು ಬಿಟ್ಟು ಬೇರೆ ಮುಖವನ್ನು ಅವನು ಹತ್ತಿರದಿಂದ ನೋಡಿರಲೇ ಇಲ್ಲ. ಒಂದು ಕೊಯ್ಲಿನ ಕಾಲದಲ್ಲಿ ಚೈನು ಕಳಚಿ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹುಡುಗನೊಬ್ಬನ ತೋಳು ಕಚ್ಚಿದ. ಆ ಹುಡುಗನಿಗೆ ಹೊಲಿಗೆ ಬಿತ್ತು, ಟೈಗರ್‌ಗೆ ಚೈನು ಇನ್ನೂ ಗಿಡ್ಡವಾಯಿತು. ಸಾಯುವವರೆಗೂ ಹಾಗೇ. ತಪ್ಪು ನಾಯಿಯದೂ ಅಲ್ಲ, ಆ ಮಗುವಿನದೂ ಅಲ್ಲ, ನಮ್ಮದು. ಜರ್ಮನಿಯಲ್ಲಿ ನಾಯಿಯನ್ನು ಹಾಗೆ ಕಟ್ಟಿಹಾಕಿ ಸಾಕುವುದು ಈಗ ಕಾನೂನಿಗೇ ವಿರುದ್ಧ. ಆ ನಿಯಮ ಓದಿದ ದಿನ ನನಗೆ ಟೈಗರ್ ನೆನಪಾಗಿ ಅಳು ಬಂತು.

ಈಗ ತಮ್ಮನ ಮರಿಗೆ ಬರೋಣ. ಮರಿ ಲೋಕವನ್ನು ಹೆದರಿಕೆಯಿಲ್ಲದೆ ಒಪ್ಪಿಕೊಳ್ಳುವ ಕಾಲ 3ನೇ ವಾರದಿಂದ 12–14ನೇ ವಾರದವರೆಗೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಇನ್ನು ಮೂರೇ ವಾರ, ಅಂದರೆ ಅವತ್ತಿಗೆ ಮರಿಗೆ 13 ವಾರ. ಕದಿರು ಕೊಯ್ಯುವಾಗ ಗುಂಡು ಹಾರುತ್ತದೆ, ಪಟಾಕಿ ಸಿಡಿಯುತ್ತದೆ. ಅದಾದ ಮೇಲೂ ತೋಟದಲ್ಲಿ ಆನೆ ಓಡಿಸುವ ಪಟಾಕಿ ವರ್ಷವಿಡೀ ಇದ್ದದ್ದೇ. ಆದ್ದರಿಂದ ತಮ್ಮಾ, ಇವತ್ತೇ ಶುರು ಮಾಡು: ಮರಿ ಊಟ ಮಾಡುವಾಗ ಫೋನಿನಲ್ಲಿ ಪಟಾಕಿಯ ಸದ್ದನ್ನು ಕೇಳಿಯೂ ಕೇಳಿಸದಷ್ಟು ಸಣ್ಣಗೆ ಹಾಕು. ಅದು ತಲೆ ಎತ್ತದೆ ತಿನ್ನುತ್ತಿದ್ದರೆ ಮಾತ್ರ ಮರುದಿನ ಸ್ವಲ್ಪ ಜೋರು. ಹಬ್ಬದ ರಾತ್ರಿ ಅದು ಗದ್ದೆಗೆ ಬರಬೇಕಿಲ್ಲ, ಒಳಮನೆಯಲ್ಲಿ ಯಾರಾದರೂ ಜೊತೆಗಿರಲಿ.

ಮೊದಲ ಇಂಜೆಕ್ಷನ್ ಆಗಿದೆ ಅಂದೆಯಲ್ಲ. ಎಲ್ಲ ಇಂಜೆಕ್ಷನ್ ಮುಗಿಯುವಾಗ 16 ವಾರ ಆಗಿರುತ್ತದೆ, ಅಲ್ಲಿವರೆಗೆ ಮನೆಯೊಳಗೇ ಇಟ್ಟರೆ ಈ ಕಾಲ ದಾಟಿಹೋಗುತ್ತದೆ. ಮರಿಗಳನ್ನು ಕೊಲ್ಲುವ ಪಾರ್ವೊ ಅನ್ನುವ ವೈರಸ್ ರೋಗದ ಭಯ ಸುಳ್ಳಲ್ಲ, ಅದಕ್ಕೇ ಬೀದಿನಾಯಿಗಳು ಓಡಾಡುವ ನೆಲಕ್ಕೆ ಇಳಿಸಬೇಡ. ಶನಿವಾರ ಸಂತೆಗೆ ಹೋಗುವಾಗ ಜೀಪಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡು, ದೂರದಲ್ಲಿ ನಿಲ್ಲಿಸಿ ಹತ್ತು ನಿಮಿಷ ತೋರಿಸು. ಕೊಯ್ಲಿಗೆ ಬಂದವರು ಮೂಟೆ ಹೊತ್ತು ನಡೆಯುವುದನ್ನು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ತಿರುಗುವುದನ್ನು, ಪ್ಲಾಸ್ಟಿಕ್ ಕೊಪ್ಪೆ ಹಾಕಿದವರನ್ನು ಕಣದ ಅಂಚಿನಿಂದ ನೋಡಲಿ. ಯಾರೂ ಎತ್ತಿಕೊಳ್ಳಬೇಕಿಲ್ಲ, ಮುಟ್ಟಬೇಕಿಲ್ಲ. ಬಾಲ ಮಡಚಿದರೆ ಇನ್ನೂ ಹಿಂದಕ್ಕೆ ಕರೆದುಕೊಂಡು ಬಾ. ಲೈನ್ ಮನೆಯ ಮಕ್ಕಳ ಕೈಯಿಂದ ಒಂದೆರಡು ಚೂರು ತಿಂಡಿ ಕೊಡಿಸು, ನೀನು ಪಕ್ಕದಲ್ಲೇ ಕೂತಿರು.

"ಕಾವಲು ನಾಯಿ ಎಲ್ಲರ ಹತ್ತಿರ ಸಲಿಗೆ ಆದರೆ ಏನು ಪ್ರಯೋಜನ?" ಅಂತ ಅಪ್ಪ ಕೇಳಿದರಂತೆ. ಅಪ್ಪಾ, ಕರಿಯ ನಮ್ಮ ಬಾಗಿಲಿಗೆ ಬಂದ ಗೊತ್ತಿಲ್ಲದವರಿಗೆ ಬೊಗಳಿ ತಿಳಿಸುತ್ತಾನೆ. ನಾನು "ಸಾಕು" ಅಂದರೆ ಸುಮ್ಮನಾಗುತ್ತಾನೆ. ಎಲ್ಲಕ್ಕೂ ಹೆದರುವ ನಾಯಿ ಎಲ್ಲಕ್ಕೂ ಕಚ್ಚುತ್ತದೆ, ಅದಕ್ಕೆ ಕಳ್ಳನೂ ಒಂದೇ, ಹಾಲು ತರುವವನೂ ಒಂದೇ.

ತಮ್ಮಾ, ಭಾನುವಾರ ಮತ್ತೆ ಕಾಲ್ ಮಾಡ್ತೀನಿ. ಮರಿಗೆ ಹೆಸರಿಟ್ಟಿದ್ದೀಯಾ ಹೇಳು. ಆ ಹೊಸ ಚೈನು ಅಂಗಡಿಯವರು ವಾಪಸ್ ತಗೊಳ್ತಾರಾ ಕೇಳಿ ನೋಡು, ಅದರ ಬದಲು ಹತ್ತು ಮೀಟರ್ ಹಗ್ಗ ತಗೋ.