ಓಟಿಪಿ ಬರೋದು ಅಪ್ಪನ ಫೋನಿಗೆ

ಭಾನುವಾರ ಬೆಳಗ್ಗೆ ನಾವು ಒಂದಿಷ್ಟು ಗೆಳೆಯರು ಸೇರಿ ಬೆಂಗಳೂರಿನ ಅಂಚಿನ ಒಂದು ಬಡಾವಣೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳಿಕೊಡುತ್ತೇವೆ. ನನ್ನದು ಗಣಿತ. ಮಕ್ಕಳಲ್ಲಿ ಜಾಸ್ತಿ ಜನ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು. ಅಪ್ಪ ಅಮ್ಮ ಗಾರೆ ಕೆಲಸಕ್ಕೆ ಬಂದವರು, ಖಾಲಿ ಸೈಟುಗಳಲ್ಲಿ ತಗಡಿನ ಶೆಡ್ ಹಾಕಿಕೊಂಡು ಇದ್ದಾರೆ.

ಅನುಕೂಲಸ್ಥರು ಅಂದರೆ ದುಡ್ಡಿರೋರು ಅಂತ ತಾನೇ ನಾವೆಲ್ಲ ಹೇಳೋದು? ಈ ಮಕ್ಕಳ ಪಕ್ಕ ಕೂತ ಮೇಲೆ ನನಗೆ ದುಡ್ಡಿಗಿಂತ ಮುಂಚೆ ಕಾಣಿಸಿದ್ದು ಕಾಗದಪತ್ರ. ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ಸೇರಿದ್ದ ಒಬ್ಬ ಹುಡುಗಿ ಸ್ಕಾಲರ್‌ಶಿಪ್ ಅರ್ಜಿ ಹಾಕಿಕೊಡಿ ಅಂತ ಬಂದಿದ್ದಳು. ಲ್ಯಾಪ್‌ಟಾಪ್ ತೆಗೆದು ಕೂತೆವು. ಆಧಾರ್ ನಂಬರ್ ಹಾಕಿದ ತಕ್ಷಣ ಓಟಿಪಿ ಕೇಳಿತು. ಅದು ಹೋಗಿದ್ದು ಅವಳ ಅಪ್ಪನ ಫೋನಿಗೆ. "ಅಪ್ಪ ಮೋಲ್ಡ್ ಹಾಕಾಕ ಹೋಗ್ಯಾನ್ರಿ ಅಕ್ಕಾ, ಫೋನ್ ಅವನ ಹತ್ರಾನೇ ಅದ" ಅಂದಳು. ಮೋಲ್ಡ್ ಹಾಕೋ ದಿನ ಕಾಂಕ್ರೀಟ್ ಸುರಿಯೋಕೆ ಶುರು ಮಾಡಿದರೆ ಮುಗಿಯೋ ತನಕ ಯಾರೂ ಇಳಿಯೋ ಹಾಗಿಲ್ಲ. ಅವರು ಮೇಲೆ ಬನಿಯನ್ನಿನಲ್ಲಿ ದುಡೀತಾ ಇರ್ತಾರೆ, ಫೋನ್ ಕೆಳಗೆ ಮೊಳೆಗೆ ನೇತುಹಾಕಿದ ಅಂಗಿಯ ಜೇಬಲ್ಲಿ ಹೊಡ್ಕೋತಾ ಇರುತ್ತೆ. ಓಟಿಪಿ ಬದುಕಿರೋದು ಕೆಲವೇ ನಿಮಿಷ. ಅವಳು ಬೇಜಾರೂ ಮಾಡಿಕೊಳ್ಳಲಿಲ್ಲ, "ರಾತ್ರಿ ಬರ್ತಾನ್ರಿ, ಆಮ್ಯಾಲ ಮಾಡೋಣ್ರಿ" ಅಂದಳು.

ರಾತ್ರಿ ಮಾಡಿದೆವು. ಆಗ ಗೊತ್ತಾಯಿತು, ಆಧಾರ್‌ನಲ್ಲಿ ಹೆಸರು ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ. ಜಾತಿ-ಆದಾಯ ಸರ್ಟಿಫಿಕೇಟಿನ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರ್ ಬೇಕು, ಆ ಸರ್ಟಿಫಿಕೇಟು ಊರಲ್ಲಿದೆ. ಇಲ್ಲಿಂದ ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗಿ ಬರಬೇಕು ಅಂದರೆ ಅಪ್ಪನ ಕೂಲಿ ಹೋಗುತ್ತದೆ, ಸರ್ಕಾರಿ ರಜೆ ಬಿದ್ದರೆ ಇನ್ನೂ ಒಂದು ದಿನ.

ನಾನು ಕಾಲೇಜಿಗೆ ಸೇರುವಾಗ ಇದ್ಯಾವುದೂ ನನಗೆ ಗೊತ್ತೇ ಇರಲಿಲ್ಲ. ನಮ್ಮಪ್ಪನ ಹತ್ತಿರ ಒಂದು ಪ್ಲಾಸ್ಟಿಕ್ ಫೈಲ್ ಇತ್ತು. ಜನನ ಪ್ರಮಾಣಪತ್ರದಿಂದ ಹಿಡಿದು ಎಲ್ಲದರ ಜೆರಾಕ್ಸ್, ಅಟೆಸ್ಟ್ ಮಾಡಿಸಿದ್ದು, ಪಾಸ್‌ಪೋರ್ಟ್ ಸೈಜ್ ಫೋಟೋ ಸಮೇತ. ಅವರು ಬೆರಳಿಟ್ಟ ಕಡೆ ಸೈನ್ ಹಾಕಿದೆ, ಅಷ್ಟೇ. ಮೆರಿಟ್ ಮೇಲೆ ಸೀಟು ಸಿಕ್ಕಿತು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಆ ಫೈಲಿನ ಹೆಸರು ಯಾರೂ ಎತ್ತುವುದಿಲ್ಲ.

ಕಾನೂನು ಇಲ್ಲ ಅಂತಲ್ಲ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ಬರೋದು ತಡವಾಯಿತು ಅನ್ನೋ ಕಾರಣಕ್ಕೆ ಮಗುವನ್ನು ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಒಳ್ಳೆಯ ನಿಯಮ. ಆದರೆ ಆ ಕಾಯ್ದೆ ಇರೋದು 6ರಿಂದ 14 ವರ್ಷದವರಿಗೆ, ಅಂದರೆ ಎಂಟನೇ ಕ್ಲಾಸಿನವರೆಗೆ. ಸುಗ್ಗಿ ಮುಗಿಸಿ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬರುವ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಆ ಆಸರೆ ಇಲ್ಲ. ಎಸ್‌ಎಸ್‌ಎಲ್‌ಸಿ ಹತ್ತಿರ ಬಂತು ಅನ್ನುವಾಗಲೇ ಕೈ ಬಿಟ್ಟ ಹಾಗಾಯಿತಲ್ವಾ? ಗಂಡು ಹುಡುಗರಾದರೆ ಅಲ್ಲಿಂದ ನೇರ ಟೈಲ್ಸ್ ಕೆಲಸಕ್ಕೆ, ಪೇಂಟಿಂಗ್‌ಗೆ. ಅವರು ದಡ್ಡರು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಎಷ್ಟು ಚದರಡಿಗೆ ಎಷ್ಟು ಟೈಲ್ಸ್, ವೇಸ್ಟೇಜ್ ಎಷ್ಟು ಅಂತ ಬಾಯಲ್ಲೇ ಲೆಕ್ಕ ಹೇಳುವವರು ಅವರು.

ಇನ್ನೊಂದು ವಿಷಯ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. 1996ರ ಕಾಯ್ದೆಯಿಂದ ಶುರುವಾದ ನಿಯಮ ಇದೆ, ಕಟ್ಟಡ ಕಟ್ಟುವ ವೆಚ್ಚದಲ್ಲಿ ಶೇಕಡಾ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೆ ಹೋಗಬೇಕು. ಅದೇ ದುಡ್ಡಿನಲ್ಲಿ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನವೂ ಇದೆ. ಅದಕ್ಕೆ ಲೇಬರ್ ಕಾರ್ಡ್ ಬೇಕು, ಕಾರ್ಡಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಇವತ್ತು ಒಬ್ಬ ಮೇಸ್ತ್ರಿ, ಮುಂದಿನ ತಿಂಗಳು ಇನ್ನೊಬ್ಬ, ಸೈನ್ ಹಾಕೋರು ಯಾರು? ನಾನಿರುವ ಅಪಾರ್ಟ್‌ಮೆಂಟನ್ನೂ ಇಂಥವರೇ ಯಾರೋ ಕಟ್ಟಿದ್ದು. ಮನೆ ತಗೊಳ್ಳುವಾಗ ಕಾರ್ಪೆಟ್ ಏರಿಯಾ ಕೇಳಿದೆ, ಪಾರ್ಕಿಂಗ್ ಕೇಳಿದೆ. ಈಗ ಹೊಸ ಕಟ್ಟಡ ಏಳುವುದು ಕಂಡರೆ ಮೊದಲು ಕಣ್ಣು ಹೋಗೋದು ಪಕ್ಕದ ಶೆಡ್ಡುಗಳ ಕಡೆಗೆ, ಅಲ್ಲಿ ಓದೋ ವಯಸ್ಸಿನವರು ಎಷ್ಟು ಜನ ಇರಬಹುದು ಅಂತ.

ನೀವೂ ಇಂಥ ಕೆಲಸಕ್ಕೆ ಬರೋದಾದರೆ ದಯವಿಟ್ಟು ಹುಟ್ಟುಹಬ್ಬದ ಕೇಕ್ ಹಿಡಿದುಕೊಂಡು ಒಂದೇ ದಿನಕ್ಕೆ ಬರಬೇಡಿ. ಮಕ್ಕಳು ಕೇಕ್ ತಿಂದು ಥ್ಯಾಂಕ್ಸ್ ಹೇಳುತ್ತಾರೆ, ಮನೆಯ ಕಷ್ಟ ಹೇಳುವುದಿಲ್ಲ. ತಿಂಗಳುಗಟ್ಟಲೆ ಸುಮ್ನೆ ಬಂದು ಹೋಗಬೇಕು, ಆಮೇಲೆ ಒಂದು ದಿನ ಬ್ಯಾಗಿನ ತಳದಿಂದ ಮಡಚಿದ ಕಾಗದ ತೆಗೆದು "ಇದು ಏನದ ನೋಡ್ರಿ ಅಕ್ಕಾ" ಅಂತಾರೆ.

ಗಣಿತ, ಇಂಗ್ಲಿಷ್ ಹೇಳಿಕೊಡೋರು ನಮ್ಮಲ್ಲಿ ಇದ್ದಾರೆ. ಈಗ ಬೇಕಾಗಿರೋದು ವಾರದ ದಿನ ಅರ್ಧ ದಿನ ರಜೆ ಹಾಕಿ ಇವರ ಅಪ್ಪನ ಜೊತೆ ಆಧಾರ್ ಕೇಂದ್ರಕ್ಕೋ ಕಾರ್ಮಿಕ ಇಲಾಖೆಗೋ ಹೋಗಿ ಕ್ಯೂನಲ್ಲಿ ನಿಲ್ಲೋರು.